ಸಿನಿಮಾ ಮುಗಿದ ಮೇಲಿನ ಒಂದು ಗಂಟೆ

ಬೆಂಗಳೂರಿನಲ್ಲಿ ಕಾವೇರಿ ಗಲಾಟೆ ಶುರುವಾದರೆ ಮೊದಲು ಬಾಗಿಲು ಹಾಕುವ ಜಾಗಗಳಲ್ಲಿ ಚಿತ್ರಮಂದಿರವೂ ಒಂದು. ತಮಿಳು ಸಿನಿಮಾದ ಪೋಸ್ಟರ್ ಇಳಿಯುತ್ತದೆ, ಪ್ರದರ್ಶನ ನಿಲ್ಲುತ್ತದೆ. ಗಲಾಟೆ ಇಲ್ಲದ ದಿನಗಳಲ್ಲೂ ಅದರ ನೆರಳು ಇದ್ದೇ ಇರುತ್ತದೆ. ನಟರೊಬ್ಬರು ಒಂಬತ್ತು ವರ್ಷ ಹಿಂದೆ ಆಡಿದ ಮಾತಿಗೆ ವಿಷಾದ ಹೇಳುವವರೆಗೂ 2017ರಲ್ಲಿ ತೆಲುಗಿನ ದೊಡ್ಡ ಚಿತ್ರವೊಂದರ ಬಿಡುಗಡೆ ಇಲ್ಲಿ ಡೋಲಾಯಮಾನವಾಗಿತ್ತು. 2018ರಲ್ಲಿ ರಜನಿಕಾಂತ್ ಚಿತ್ರ ಹಾಕುವ ಚಿತ್ರಮಂದಿರಗಳಿಗೆ ಭದ್ರತೆ ಕೊಡಿ ಎಂದು ಹೈಕೋರ್ಟ್ ಹೇಳಬೇಕಾಯಿತು. 2025ರಲ್ಲಿ ಕಮಲ್ ಹಾಸನ್ ಭಾಷೆಯ ಬಗ್ಗೆ ಆಡಿದ ಮಾತಿನಿಂದ ಎದ್ದ ವಿವಾದ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಕೋರ್ಟು ಚಿತ್ರದ ಪರವಾಗಿಯೇ ಮಾತಾಡಿದರೂ ಅದು ಕರ್ನಾಟಕದಲ್ಲಿ ತೆರೆ ಕಾಣಲಿಲ್ಲ.

ಅಂದರೆ ಈ ಊರಿನಲ್ಲಿ ಸಿನಿಮಾ ಪರದೆ ಜಗಳದಿಂದ ಹೊರಗೆ ನಿಂತ ಜಾಗವಲ್ಲ, ಜಗಳ ನಡೆಯುವ ಜಾಗಗಳಲ್ಲೇ ಒಂದು. ಚಿತ್ರೋತ್ಸವದಲ್ಲಿ ಪ್ರಾದೇಶಿಕ ಸಂಘರ್ಷಗಳ ಬಗ್ಗೆ ಮಾತುಕತೆ ನಡೆಸಲು ಹೊರಟವರು ಇಲ್ಲಿಂದ ಲೆಕ್ಕ ಶುರು ಮಾಡಬೇಕು. ಒಳ್ಳೆಯ ಚಿತ್ರ ತೋರಿಸಿದರೆ ಸಾಕು, ಮಾತು ತಾನಾಗಿ ಹುಟ್ಟುತ್ತದೆ ಎಂಬ ನಂಬಿಕೆ ನಮ್ಮ ಫಿಲ್ಮ್ ಸೊಸೈಟಿ ವಲಯದಲ್ಲಿ ಗಟ್ಟಿಯಾಗಿ ಬೇರೂರಿದೆ. ಅದು ಹಾಗೆ ಆಗುವುದಿಲ್ಲ. ಚಿತ್ರ ಮುಗಿದ ಮೇಲಿನ ಒಂದು ಗಂಟೆಯನ್ನು, ಪ್ರೊಜೆಕ್ಷನ್‌ಗೆ ಕೊಡುವಷ್ಟೇ ಶ್ರದ್ಧೆ ಕೊಟ್ಟು ಕಟ್ಟಿದರೆ ಮಾತ್ರ ಎರಡು ಕಡೆಯವರು ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಳ್ಳುತ್ತಾರೆ. ಈ ಬರಹ ಪೂರ್ತಿ ಆ ಒಂದು ಗಂಟೆಯ ಬಗ್ಗೆ, ಮತ್ತು ಅದಕ್ಕಾಗಿ ಮೊದಲೇ ಮಾಡಿಕೊಳ್ಳಬೇಕಾದ ಕೆಲಸದ ಬಗ್ಗೆ.

ಚಿತ್ರೋತ್ಸವಗಳಿಗೆ ಈ ಶಕ್ತಿ ಇಲ್ಲ ಎಂದಲ್ಲ. ಬೋಸ್ನಿಯಾದ ಸರಾಯೆವೊ ಚಿತ್ರೋತ್ಸವ ಶುರುವಾದದ್ದು 1995ರಲ್ಲಿ, ಊರಿಗೆ ಹಾಕಿದ ಮುತ್ತಿಗೆ ಇನ್ನೂ ತೆರವಾಗದ ಕಾಲದಲ್ಲಿ. ಮುಂದೆ ಅವರು ಯುದ್ಧದ ನೆನಪುಗಳನ್ನು ಕುರಿತ ಚಿತ್ರಗಳಿಗೆಂದೇ, ಚರ್ಚೆಯನ್ನೂ ಸೇರಿಸಿ, ಬೇರೆಯದೇ ವಿಭಾಗ ಮಾಡಿದರು. ಮಾತುಕತೆಯನ್ನು ಉತ್ಸವದ ಗದ್ದಲದೊಳಗೆ ತುರುಕದೆ ಅದಕ್ಕೊಂದು ಜಾಗ ಕೊಟ್ಟರು. ಕಾಠ್ಮಂಡುವಿನ ಫಿಲ್ಮ್ ಸೌತ್ ಏಷ್ಯಾ 1997ರಿಂದ ದಕ್ಷಿಣ ಏಷ್ಯಾದ ಸಾಕ್ಷ್ಯಚಿತ್ರಗಳನ್ನು ಒಂದೆಡೆ ತರುತ್ತಿದೆ. ಭಾರತದವರೂ ಪಾಕಿಸ್ತಾನದವರೂ ಒಂದೇ ಸಾಲಿನಲ್ಲಿ ಕೂತು ಚಿತ್ರ ನೋಡಲು ಮೂರನೆಯ ದೇಶವೇ ಬೇಕಾಯಿತು ಎನ್ನುವುದು ಯೋಚಿಸಬೇಕಾದ ಸಂಗತಿ.

ಬೆಂಗಳೂರಿಗೆ ಆ ಮೂರನೆಯ ಊರಾಗುವ ಯೋಗ್ಯತೆ ಇದೆ. ದೂರದ ಜಗಳಗಳ ಎರಡೂ ಕಡೆಯವರು ಇಲ್ಲಿ ಅಕ್ಕಪಕ್ಕದ ಬೀದಿಗಳಲ್ಲಿ ಬಾಡಿಗೆಗಿದ್ದಾರೆ. ಮಣಿಪುರದಲ್ಲಿ 2023ರ ಮೇ 3ರ ನಂತರ ಮೈತೇಯಿಗಳು ಬೆಟ್ಟಕ್ಕೆ, ಕುಕಿ-ಜೋ ಜನ ಇಂಫಾಲ ಕಣಿವೆಗೆ ಕಾಲಿಡುವುದೇ ಕಷ್ಟವಾಯಿತು. ಇಲ್ಲಿ ಅದೇ ಎರಡು ಸಮುದಾಯದ ಹುಡುಗ ಹುಡುಗಿಯರು ಒಂದೇ ಆಸ್ಪತ್ರೆಯಲ್ಲಿ, ಒಂದೇ ಹೋಟೆಲಿನಲ್ಲಿ, ಒಂದೇ ಶಿಫ್ಟಿನಲ್ಲಿ ದುಡಿಯುತ್ತಿರಬಹುದು. ಹಾಗೆಂದು ಇದು ಸುರಕ್ಷಿತ ಊರೆಂದು ಬೀಗುವಂತಿಲ್ಲ. 2012ರ ಆಗಸ್ಟ್‌ನಲ್ಲಿ ಅಸ್ಸಾಮಿನ ಗಲಭೆಯ ಬೆನ್ನಿಗೆ ಹಬ್ಬಿದ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಸಿಟಿ ರೈಲ್ವೆ ಸ್ಟೇಷನ್‌ನಲ್ಲಿ ಗುವಾಹಟಿ ರೈಲು ಹತ್ತಿದರು. ಚಿತ್ರ ನೋಡಲು ಬಂದವರಲ್ಲಿ ಆ ರೈಲು ಹತ್ತಿದವರೂ ಇದ್ದಾರು ಎಂಬುದನ್ನು ಸಂಘಟಕರು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು.

ಇನ್ನು ಜಾಗದ ವಿಷಯ. 2006ರಲ್ಲಿ ಶುರುವಾದ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ದೊಡ್ಡದು. ಅಲ್ಲಿ ಜಗತ್ತಿನ ಸಂಘರ್ಷಗಳ ಚಿತ್ರಗಳೆಲ್ಲ ಬರುತ್ತವೆ. ಆದರೆ ಮಲ್ಟಿಪ್ಲೆಕ್ಸ್‌ನಲ್ಲಿ ಒಂದು ಪ್ರದರ್ಶನಕ್ಕೂ ಇನ್ನೊಂದಕ್ಕೂ ನಡುವೆ ಉಸಿರಾಡಲು ಹೊತ್ತಿರುವುದಿಲ್ಲ. ಮುಂದಿನ ಚಿತ್ರದ ಸಾಲು ಬಾಗಿಲಲ್ಲಿ ನಿಂತಿರುವಾಗ ನಿರ್ದೇಶಕರಿಗೆ ಎರಡು ಪ್ರಶ್ನೆ ಕೇಳಿ ಚಪ್ಪಾಳೆ ತಟ್ಟಿ ಎದ್ದರೆ ಅದು ಶಿಷ್ಟಾಚಾರ ಮಾತ್ರ. ಮಾತುಕತೆಗೆ ಬೇಕಾದದ್ದು ಸಣ್ಣ ಸಭಾಂಗಣ. 1971ರಿಂದ ಇರುವ ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿ, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಂಥವು. ನೂರು ನೂರಿಪ್ಪತ್ತು ಜನಕ್ಕಿಂತ ಹೆಚ್ಚಾದರೆ ಅದು ಮಾತುಕತೆ ಹೋಗಿ ಬಹಿರಂಗ ಸಭೆಯಾಗುತ್ತದೆ. ನೀರನ್ನೇ ವಸ್ತುವಾಗಿಟ್ಟುಕೊಂಡು ಬೆಂಗಳೂರು ಫಿಲ್ಮ್ ಸೊಸೈಟಿ ನಡೆಸಿಕೊಂಡು ಬಂದ ಉತ್ಸವ ಈ ಮಾದರಿಗೆ ಹತ್ತಿರದ್ದು. ವಿಷಯ ಒಂದೇ ಇದ್ದಾಗ ಬಂದವರು ಮಾತಿಗೆ ಸಿದ್ಧರಾಗಿಯೇ ಬಂದಿರುತ್ತಾರೆ.

ಚಿತ್ರ ಆರಿಸುವಾಗ ಬಹಳ ಜನ ಮಾಡುವುದು ತಕ್ಕಡಿ ಹಿಡಿಯುವ ಕೆಲಸ. ಆ ಕಡೆಯದೊಂದು, ಈ ಕಡೆಯದೊಂದು. ಕಾಗದದ ಮೇಲೆ ನ್ಯಾಯವಾಗಿ ಕಾಣುತ್ತದೆ, ಹಾಲ್‌ನಲ್ಲಿ ಕೆಡುತ್ತದೆ. ಎರಡನೆಯ ಚಿತ್ರವನ್ನು ಜನ ಮೊದಲನೆಯದಕ್ಕೆ ಕೊಟ್ಟ ಉತ್ತರವೆಂದೇ ನೋಡುತ್ತಾರೆ. ನನ್ನ ಮಟ್ಟಿಗೆ ಉತ್ತಮ ಕ್ರಮವೆಂದರೆ ಮೊದಲ ದಿನ ದೂರದ ಚಿತ್ರ. ಕಾವೇರಿಯ ವಿಭಾಗವಾದರೆ ಬೇರೆ ಖಂಡದ ಬೇರೆ ನದಿಯ ಜಗಳ ತೋರಿಸಿ. ಪರರ ಜಗಳದಲ್ಲಿ ಜನ ಧಾರಾಳವಾಗಿ ನ್ಯಾಯ ಹೇಳುತ್ತಾರೆ. ಮೇಲಿನವರು ಹೀಗೆ ಮಾಡಬಾರದಿತ್ತು, ಕೆಳಗಿನವರು ಇಷ್ಟು ಕೇಳಬಾರದಿತ್ತು ಅನ್ನುತ್ತಾರೆ. ಆ ಮಾತುಗಳನ್ನು ಬರೆದಿಟ್ಟುಕೊಂಡು, ಮರುದಿನ ಮಂಡ್ಯದ ಅಥವಾ ತಂಜಾವೂರಿನ ಚಿತ್ರವಾದ ಮೇಲೆ ಅವರಿಗೇ ಓದಿ ಹೇಳಬೇಕು. ಹತ್ತಿರದ ಚಿತ್ರವನ್ನು ಸಮಾರೋಪದ ಸಂಜೆಗಂತೂ ಇಡಲೇಬೇಡಿ. ಆ ಸಂಜೆ ಶಾಲು, ಹಾರ, ಹಣ್ಣಿನ ಬುಟ್ಟಿ, ಅಧ್ಯಕ್ಷರ ಭಾಷಣ ಎಲ್ಲ ಸೇರಿ ಚರ್ಚೆಯ ಹೊತ್ತನ್ನು ನುಂಗಿಬಿಡುತ್ತವೆ.

ಚಿತ್ರದ ಉದ್ದವೂ ಮುಖ್ಯ. 75 ನಿಮಿಷದ ಚಿತ್ರ, 10 ನಿಮಿಷ ಚಹಾ, 60 ನಿಮಿಷ ಮಾತು, ಹಿಂದೆ ಮುಂದೆ ಆಗುವುದಕ್ಕೆ 5 ನಿಮಿಷ ಸೇರಿ ಎರಡೂವರೆ ಗಂಟೆ. 90 ನಿಮಿಷ ದಾಟಿದ ಚಿತ್ರವನ್ನು ಇದರಲ್ಲಿ ತುರುಕಿದರೆ ಕತ್ತರಿ ಬೀಳುವುದು ಮಾತಿಗೇ. ಎರಡು ಗಂಟೆಯ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅದನ್ನು ಬೇರೆ ವಿಭಾಗಕ್ಕೆ ಕಳಿಸುವುದು ಲೇಸು.

ಸಬ್‌ಟೈಟಲ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಏಕೆಂದರೆ ಬೆಂಗಳೂರಿನ ಉತ್ಸವಗಳು ಎಡವುವುದು ಹೆಚ್ಚಾಗಿ ಇಲ್ಲಿಯೇ. ಬರುವ ಚಿತ್ರಗಳೆಲ್ಲ ಇಂಗ್ಲಿಷ್ ಅಡಿಬರಹದೊಂದಿಗೆ ಬರುತ್ತವೆ, ನಾವು ಹಾಗೆಯೇ ತೋರಿಸುತ್ತೇವೆ. ಅಲ್ಲಿಗೆ ಶ್ರೀರಂಗಪಟ್ಟಣದ ಕಬ್ಬು ಬೆಳೆಗಾರ ಹೊರಗುಳಿದ ಹಾಗೆಯೇ. ಮಾತಾಡಬೇಕಾದವನು ಹೊರಗೆ, ಮಾತಾಡಲು ಬರುವವನು ಒಳಗೆ. ಕಾವೇರಿಯ ಚಿತ್ರವೊಂದಕ್ಕೆ ಕನ್ನಡದ ಅಡಿಬರಹ ಇಲ್ಲವೆಂದರೆ ಆ ಪ್ರದರ್ಶನವನ್ನು ಮಾತುಕತೆ ಎಂದು ಕರೆಯಬಾರದು.

ಮಾತು ತುಂಬಿದ 75 ನಿಮಿಷದ ಸಾಕ್ಷ್ಯಚಿತ್ರದಲ್ಲಿ ಸುಮಾರು 800 ಅಡಿಬರಹಗಳಿರುತ್ತವೆ. ಇಬ್ಬರು ಕೂತರೆ ಒಂದು ವಾರದ ಕೆಲಸ. ತಮಿಳು ಚಿತ್ರವಾದರೆ ತಮಿಳು ಬಲ್ಲವರೇ ಮೂಲ ಕೇಳಿಕೊಂಡು ಮಾಡಬೇಕು. ಇಂಗ್ಲಿಷ್ ಅಡಿಬರಹ ಓದುವ ವೇಗಕ್ಕೆ ತಕ್ಕಂತೆ ಆಗಲೇ ಮೊಟಕಾಗಿರುತ್ತದೆ, ಅದನ್ನು ಇನ್ನೊಮ್ಮೆ ಕನ್ನಡಕ್ಕೆ ಮೊಟಕು ಮಾಡಿದರೆ ರೈತ ಹೇಳಿದ್ದರಲ್ಲಿ ಎಲುಬು ಮಾತ್ರ ಉಳಿಯುತ್ತದೆ. ಕನ್ನಡದ ಪದಗಳು ಉದ್ದ, ಆದ್ದರಿಂದ ಸಾಲಿಗೆ ನಾಲ್ಕೈದು ಪದ ಸಾಕು. ಎರಡು ಸಾಲಿಗಿಂತ ಹೆಚ್ಚು ಬೇಡ. ಎಷ್ಟೇ ಚಿಕ್ಕ ಮಾತಾದರೂ ಎರಡು ಸೆಕೆಂಡ್ ಪರದೆಯ ಮೇಲೆ ನಿಲ್ಲಲಿ.

ಆಮೇಲೆ ಅಕ್ಷರಗಳ ಪಾಡು. 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿ ತಂದರೆ ಪರದೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಸುರಿಯುತ್ತವೆ. ಮೊದಲು ಯೂನಿಕೋಡ್‌ಗೆ ಬದಲಿಸಿ, ಯುಟಿಎಫ್-8 ರೂಪದಲ್ಲಿ ಎಸ್‌ಆರ್‌ಟಿ ಕಡತವಾಗಿ (ಸಮಯದ ಗುರುತಿರುವ ಅಡಿಬರಹದ ಕಡತ) ಉಳಿಸಬೇಕು. ಯೂನಿಕೋಡ್ ಇದ್ದರೂ ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಬಿಡಿ ಬಿಡಿಯಾಗುತ್ತದೆ, ಇಲ್ಲವೇ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಪರೀಕ್ಷೆಗೆ "ರಾಷ್ಟ್ರ", "ಕರ್ನಾಟಕ", "ಶಸ್ತ್ರಾಸ್ತ್ರ" ಇರುವ ಎರಡು ಸಾಲು ಹಾಕಿ ನೋಡಿದರೆ ಗೊತ್ತಾಗುತ್ತದೆ. ಅನುಮಾನವಿದ್ದರೆ ಅಡಿಬರಹವನ್ನು ಚಿತ್ರದೊಳಕ್ಕೇ ಅಚ್ಚೊತ್ತಿಬಿಡುವುದು ಕ್ಷೇಮ, ಆದರೆ ಅದಕ್ಕೆ ನಿರ್ದೇಶಕರ ಒಪ್ಪಿಗೆ ಬೇಕು. ಒಪ್ಪದಿದ್ದರೆ ಪರದೆಯ ಕೆಳಗೆ ಕಪ್ಪು ಬಟ್ಟೆಯ ಪಟ್ಟಿ ಕಟ್ಟಿ, ಇನ್ನೊಂದು ಸಣ್ಣ ಪ್ರೊಜೆಕ್ಟರ್‌ನಿಂದ ಬಿಳಿ ಅಕ್ಷರ ಬಿಡುವುದು. ಲ್ಯಾಪ್‌ಟಾಪ್ ಮುಂದೆ ಎರಡೂ ಭಾಷೆ ಬಲ್ಲ ಒಬ್ಬರು ಪ್ರದರ್ಶನ ಮುಗಿಯುವವರೆಗೂ ಕೂತಿರಬೇಕು.

ಇಲ್ಲಿ ಇನ್ನೊಂದು ಹಳ್ಳ ಇದೆ. ಅಡಿಬರಹ ಮಾಡಿದ್ದು ಸೆಕೆಂಡಿಗೆ 23.976 ಫ್ರೇಮಿನ ಪ್ರತಿಗೆ, ಹಾಲ್‌ಗೆ ಬಂದದ್ದು 25 ಫ್ರೇಮಿನ ಪ್ರತಿ ಎಂದಾದರೆ, 90 ನಿಮಿಷದ ಚಿತ್ರದ ಕೊನೆಗೆ ಬರುವಷ್ಟರಲ್ಲಿ ಅಡಿಬರಹ ಸುಮಾರು 3 ನಿಮಿಷ 40 ಸೆಕೆಂಡ್ ಹಿಂದೆ ಬಿದ್ದಿರುತ್ತದೆ. ಮೊದಲ ಐದು ನಿಮಿಷ ನೋಡಿ ಸರಿ ಇದೆ ಎಂದು ಎದ್ದು ಹೋಗುವವರು ಸಿಕ್ಕಿಬೀಳುವುದು ಹೀಗೆ. ಪರೀಕ್ಷೆ ಮಾಡಬೇಕಾದದ್ದು ಚಿತ್ರದ ಕೊನೆಯ ಹತ್ತು ನಿಮಿಷದಲ್ಲಿ. ಚಿತ್ರ ಡಿಸಿಪಿ ಎಂಬ ಚಿತ್ರಮಂದಿರದ ಡಿಜಿಟಲ್ ಪ್ರತಿಯಾಗಿ ಬಂದರೆ ಅದನ್ನು ತೆರೆಯುವ ಕೀಲಿಯ ಸಮಯವನ್ನೂ ನೋಡಿಕೊಳ್ಳಿ. ವಿದೇಶದ ಕಚೇರಿ ಸಂಜೆ 6 ಗಂಟೆ ಎಂದು ಯುಟಿಸಿ, ಅಂದರೆ ಜಾಗತಿಕ ಸಮಯದ ಲೆಕ್ಕದಲ್ಲಿ ಬರೆದಿದ್ದರೆ ಅದು ನಮ್ಮಲ್ಲಿ ತೆರೆಯುವುದು ರಾತ್ರಿ 11:30ಕ್ಕೆ. ಒಂದು ದಿನ ಮೊದಲೇ ತೆರೆಯುವ ಕೀಲಿ ಕೇಳಿ ಪಡೆಯಿರಿ.

ಕಾನೂನಿನದು ಬೇರೆಯೇ ತಲೆನೋವು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರ ಬೇಕು. ಚಿತ್ರೋತ್ಸವಕ್ಕೆ ಅದರಿಂದ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆ, ಅರ್ಜಿ ಹೋಗುವುದು ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ. ಸಂಘರ್ಷದ ಚಿತ್ರಗಳು ಸಿಕ್ಕಿಕೊಳ್ಳುವುದು ಇಲ್ಲಿಯೇ. 2017ರಲ್ಲಿ ಕೇರಳದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವಕ್ಕೆ ಬಂದಿದ್ದ ಮೂರು ಚಿತ್ರಗಳಿಗೆ ವಿನಾಯಿತಿ ಸಿಗಲಿಲ್ಲ. ಒಂದು ಕಾಶ್ಮೀರದ್ದು, ಒಂದು ರೋಹಿತ್ ವೇಮುಲ ಸಾವಿನ ನಂತರದ ಹೋರಾಟದ್ದು, ಇನ್ನೊಂದು ಜೆಎನ್‌ಯು ವಿದ್ಯಾರ್ಥಿಗಳದ್ದು. ಅರ್ಜಿಯನ್ನು ಎರಡು ತಿಂಗಳು ಮೊದಲೇ ಕಳಿಸಿ, ಜೊತೆಗೆ ಪ್ರಮಾಣಪತ್ರ ಇರುವ ಒಂದು ಬದಲಿ ಚಿತ್ರವನ್ನು ಸಿದ್ಧವಾಗಿಟ್ಟುಕೊಳ್ಳಿ. ಚಿತ್ರ ತಪ್ಪಿತೆಂದು ಮಾತಿನ ಗಂಟೆಯನ್ನೂ ಕೈಬಿಡಬೇಡಿ.

ಪೊಲೀಸ್ ಠಾಣೆಗೆ ಮೊದಲೇ ಮಾಹಿತಿ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಬೇಕು. ದಿನ, ಹೊತ್ತು, ಆಸನಗಳ ಸಂಖ್ಯೆ, ಚಿತ್ರಗಳ ಹೆಸರು, ವಿನಾಯಿತಿ ಪತ್ರದ ಪ್ರತಿ ಎಲ್ಲ ಅದರಲ್ಲಿರಲಿ. 1989ರ ರಂಗರಾಜನ್ ಪ್ರಕರಣದ ತೀರ್ಪನ್ನೂ ಪತ್ರದಲ್ಲಿ ಕಾಣಿಸುವುದು ಒಳ್ಳೆಯದು. ಪ್ರತಿಭಟನೆಯ, ಹಿಂಸೆಯ ಬೆದರಿಕೆ ಇದೆ ಎಂಬ ಕಾರಣಕ್ಕೆ ಅಭಿವ್ಯಕ್ತಿಯನ್ನು ಹತ್ತಿಕ್ಕುವಂತಿಲ್ಲ, ರಕ್ಷಣೆ ಕೊಡುವುದು ಸರ್ಕಾರದ ಹೊಣೆ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ನಿಜವಾದ ದುರ್ಬಲ ಕೊಂಡಿ ಪೊಲೀಸರಲ್ಲ, ಹಾಲ್‌ನ ಮ್ಯಾನೇಜರ್. ಬೆದರಿಕೆಯ ಫೋನು ಮೊದಲು ಹೋಗುವುದು ಅವರಿಗೆ, ಸಂಜೆಯ ಹೊತ್ತಿಗೆ ಎಸಿ ಕೆಟ್ಟಿದೆ ಎಂಬ ನೆಪ ಬಂದಿರುತ್ತದೆ. ಅವರನ್ನು ಕತ್ತಲಲ್ಲಿಡದೆ ಚಿತ್ರಗಳ ಪಟ್ಟಿ, ವಿಷಯ, ಬರಬಹುದಾದ ಆಕ್ಷೇಪ ಎಲ್ಲವನ್ನೂ ಬುಕಿಂಗ್ ದಿನವೇ ಬರವಣಿಗೆಯಲ್ಲಿ ಕೊಡಿ. ಫೋನ್ ಬಂದರೆ ಯಾರ ನಂಬರಿಗೆ ಕಳಿಸಬೇಕು ಎಂದು ಹೇಳಿರಿ. ಆಕ್ಷೇಪ ಎತ್ತಿದ ಸಂಘಟನೆಗೆ ಮುಂಚಿತವಾಗಿ ಪ್ರತ್ಯೇಕ ಪ್ರದರ್ಶನ ಇಡುವುದನ್ನು ನಾನು ಒಪ್ಪುವುದಿಲ್ಲ. ಅದು ಅವರ ಕೈಗೆ ಕತ್ತರಿ ಕೊಟ್ಟಂತೆ. ಎಲ್ಲರ ಜೊತೆ ಕೂತು ನೋಡಲಿ, ಆಮೇಲೆ ಎಲ್ಲರ ಎದುರು ಮಾತಾಡಲಿ ಎಂದು ನಾಲ್ಕು ಪಾಸ್ ಕಳಿಸುವುದು ಸರಿ.

ಈಗ ಆ ಒಂದು ಗಂಟೆ.

ಅದು ನಿಜಕ್ಕೂ ಶುರುವಾಗುವುದು ಒಂದು ವಾರ ಮೊದಲು. ನಡೆಸಿಕೊಡುವವರು ಎರಡೂ ಕಡೆಯ ಮೂವರು ಮೂವರನ್ನು ಬೇರೆ ಬೇರೆಯಾಗಿ ಭೇಟಿ ಮಾಡಿ, ಯಾವ ಮಾತು ಬಂದರೆ ಎದ್ದು ಹೋಗಬೇಕೆನಿಸುತ್ತದೆ ಎಂದು ಕೇಳಿಕೊಂಡಿರಬೇಕು. ಕಾವೇರಿಯ ವಿಭಾಗವಾದರೆ ಜೊತೆಗೆ ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಅಚ್ಚಾದ ಒಂದೇ ಹಾಳೆಯ ಮಾಹಿತಿ ಇರಲಿ. ಅದರಲ್ಲಿ ದಾಖಲೆಯ ಅಂಕಿಗಳು ಮಾತ್ರ. 2007ರ ಕಾವೇರಿ ನ್ಯಾಯಮಂಡಳಿ ತೀರ್ಪಿನ ಒಟ್ಟು ಲೆಕ್ಕ 740 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). 2018ರ ಫೆಬ್ರವರಿ 16ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7, ಉಳಿದ 14 ಪರಿಸರಕ್ಕೆ ಮತ್ತು ಸಮುದ್ರಕ್ಕೆ. ಗಡಿಯಲ್ಲಿ ನೀರು ಅಳೆಯುವ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಯಬೇಕಾದದ್ದು 177.25. ಈ ಹಾಳೆ ಇಲ್ಲದಿದ್ದರೆ ಅರ್ಧ ಗಂಟೆ ಅಂಕಿಗಳ ಕಚ್ಚಾಟದಲ್ಲೇ ಹೋಗುತ್ತದೆ. ಹಾಳೆ ಕೈಯಲ್ಲಿದ್ದರೆ ಮಾತು ಬೇಗ ನಿಜವಾದ ಗಂಟಿಗೆ ಬರುತ್ತದೆ. ಈ ಅಂಕಿಗಳೆಲ್ಲ ಮಳೆ ಸರಿಯಾಗಿ ಬಂದ ವರ್ಷದ್ದು. ಮುಂಗಾರು ಕೈಕೊಟ್ಟ ವರ್ಷ ತಮಿಳುನಾಡಿನ ಮೆಟ್ಟೂರು ಅಣೆಕಟ್ಟು ವಾಡಿಕೆಯಂತೆ ಜೂನ್ 12ಕ್ಕೆ ತೆರೆಯದೆ ಡೆಲ್ಟಾದ ಕುರುವೈ ಭತ್ತದ ಬೆಳೆ ನಿಲ್ಲುತ್ತದೆ, ಅದೇ ಹೊತ್ತಿಗೆ 124.80 ಅಡಿಯ ಕೆಆರ್‌ಎಸ್ ತಳ ಕಾಣುತ್ತಾ ಮಂಡ್ಯದ ನಾಲೆಗಳು ಒಣಗುತ್ತವೆ. ಆ ವರ್ಷ ಯಾರ ಬೆಳೆ ಎಷ್ಟು ಬಿಡಬೇಕು ಎಂಬುದೇ ಪ್ರಶ್ನೆ. ಇದನ್ನು ರೈತರು ಮಾತಾಡಬಲ್ಲರು. 2003ರಲ್ಲಿ ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಒತ್ತಾಸೆಯಿಂದ ಹುಟ್ಟಿದ ಕಾವೇರಿ ಕುಟುಂಬದಲ್ಲಿ ಎರಡೂ ರಾಜ್ಯದ ರೈತರು ಒಬ್ಬರ ಹೊಲಕ್ಕೆ ಒಬ್ಬರು ಹೋಗಿ ನೋಡಿ ಬಂದದ್ದು ಇದಕ್ಕೆ ಸಾಕ್ಷಿ.

ಬೆಂಗಳೂರಿನ ಪ್ರೇಕ್ಷಕರು ಇಂಥ ಚರ್ಚೆಯಲ್ಲಿ ತಮ್ಮನ್ನು ತೀರ್ಪುಗಾರರೆಂದು ತಿಳಿದುಕೊಳ್ಳುತ್ತಾರೆ. ಅದನ್ನು ಮೊದಲ ಹತ್ತು ನಿಮಿಷದಲ್ಲೇ ಕೆಳಗಿಳಿಸಬೇಕು. ಊರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆ ಎಂದು ನ್ಯಾಯಮಂಡಳಿ ಕುಡಿಯುವ ನೀರು ಕಡಿಮೆ ಲೆಕ್ಕ ಹಾಕಿತ್ತು. 2018ರ ತೀರ್ಪು ಇಡೀ ಊರನ್ನು ಪರಿಗಣಿಸಿ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೆಯ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರ್ ಸೇರಿತು. ತೊರೆಕಾಡನಹಳ್ಳಿಯಿಂದ ಪಂಪ್ ಆಗಿ ಬರುವ ಈ ನೀರು ಮಂಡ್ಯದವರ ಕಣ್ಣೆದುರೇ ಇಲ್ಲಿಗೆ ಏರಿ ಬರುತ್ತದೆ. ಹಾಲ್‌ನಲ್ಲಿ ಕೂತ ನಾವೂ ಕಕ್ಷಿದಾರರೇ ಎಂಬುದು ತಿಳಿದ ಮೇಲೆ ದನಿ ತಗ್ಗುತ್ತದೆ.

ಚಹಾ ಮುಗಿದ ಮೇಲೆ ಎಲ್ಲರಿಗೂ ಒಂದು ಚೀಟಿ ಕೊಡಿ, ಐದು ನಿಮಿಷ ಬರೆಯಲಿ. ಅಭಿಪ್ರಾಯ ಬೇಡ, ಚಿತ್ರದಲ್ಲಿ ಕಂಡ ಒಂದು ದೃಶ್ಯ ಮಾತ್ರ. ಮೊದಲ ಸುತ್ತಿನ ಇಪ್ಪತ್ತು ನಿಮಿಷ ಈ ದೃಶ್ಯಗಳ ಮಾತೇ. ಯಾವುದು ನೆನಪಲ್ಲಿ ನಿಂತಿತು, ಯಾಕೆ. "ನೀವು ಯಾವಾಗಲೂ ಹೀಗೆಯೇ" ಎಂದು ಶುರುವಾಗಬೇಕಿದ್ದ ಮಾತು "ಆ ಅಮ್ಮ ಪೈರು ಕಿತ್ತು ದನಕ್ಕೆ ಹಾಕಿದಾಗ" ಎಂದು ಶುರುವಾಗುತ್ತದೆ. ಈ ಒಂದು ಬದಲಾವಣೆಯಿಂದ ಇಡೀ ಚರ್ಚೆಯ ಶಾಖ ಇಳಿಯುತ್ತದೆ. ಮೊದಲು ಮಾತಾಡುವವರು ಸಂಘಟನೆಯ ಮುಖಂಡರಾಗಬಾರದು, ಪ್ರಾಧ್ಯಾಪಕರೂ ಆಗಬಾರದು. ನಿರ್ದೇಶಕರು ವೇದಿಕೆ ಮೇಲೆ ಬೇಡ. ಪ್ರೇಕ್ಷಕರ ನಡುವೆ ಕೂತು, ಮಾಹಿತಿ ಕೇಳಿದಾಗ ಹೇಳಿ, ಕೊನೆಗೆ ಐದು ನಿಮಿಷ ಮಾತಾಡಲಿ. ಇಲ್ಲವಾದರೆ ಅದು ಅವರ ಸನ್ಮಾನವೋ ವಿಚಾರಣೆಯೋ ಆಗಿಬಿಡುತ್ತದೆ.

ಮೈಕ್ ಒಂದೇ ಇರಲಿ, ಅದು ಸ್ವಯಂಸೇವಕರ ಕೈಯಲ್ಲೇ ಇರಲಿ. ಮೈಕನ್ನು ಬಿಟ್ಟುಕೊಟ್ಟ ಕೂಡಲೇ ಎರಡು ನಿಮಿಷದ ಮಿತಿ ಮುರಿಯುತ್ತದೆ. ತಮಿಳಿನಲ್ಲಿ ಆಡಿದ್ದನ್ನು ಕನ್ನಡಕ್ಕೆ, ಕನ್ನಡದ್ದನ್ನು ತಮಿಳಿಗೆ ಮಾತಿನ ಬೆನ್ನಿಗೇ ತಿರುಗಿಸಿದರೆ ಹೊತ್ತು ಇಮ್ಮಡಿಯಾಗುತ್ತದೆ, ಒಂದು ಗಂಟೆಯಲ್ಲಿ ಅರ್ಧ ಗಂಟೆಯ ಮಾತೇ ನಡೆಯುತ್ತದೆ. ಆ ಲೆಕ್ಕ ಮೊದಲೇ ಇರಲಿ. ಅನುವಾದ ಬೇಕಾದವರು ಎಂಟು ಹತ್ತು ಜನ ಮಾತ್ರ ಇದ್ದರೆ ಅವರನ್ನು ಒಂದು ಮೂಲೆಯಲ್ಲಿ ಕೂರಿಸಿ ಪಿಸುಮಾತಿನಲ್ಲಿ ಹೇಳುತ್ತಾ ಹೋಗಬಹುದು. ಎರಡನೆಯ ಸುತ್ತಿಗೆ ಕುರ್ಚಿಗಳನ್ನು ಸರಿಸಲು ಸಾಧ್ಯವಿದ್ದರೆ ನಡುವೆ ಆರು ಕುರ್ಚಿ ಹಾಕಿ ಐವರನ್ನು ಕೂರಿಸಿ. ಖಾಲಿ ಇರುವ ಆರನೆಯದಕ್ಕೆ ಯಾರು ಬೇಕಾದರೂ ಬಂದು ಮಾತಾಡಿ ಎದ್ದು ಹೋಗಬಹುದು. ದೂರದಿಂದ ಕೂಗುವವರು ನಾಲ್ಕು ಅಡಿ ಎದುರಿಗೆ ಕೂತಾಗ ಕೂಗುವುದಿಲ್ಲ.

ಮಣಿಪುರದಂಥ, ಗಾಯ ಇನ್ನೂ ಹಸಿಯಾಗಿರುವ ವಿಷಯಕ್ಕೆ ಇನ್ನಷ್ಟು ಬಿಗಿ ಬೇಕು. ನೋಂದಣಿಯಲ್ಲಿ ಪೂರ್ತಿ ಹೆಸರು ಕೇಳಬೇಡಿ, ಹೆಸರೇ ಸಮುದಾಯವನ್ನು ಹೇಳಿಬಿಡುತ್ತದೆ. ಮೊಬೈಲ್ ಸಂಖ್ಯೆಗಳ ಪಟ್ಟಿಯನ್ನು ಮರುದಿನ ಅಳಿಸಿಹಾಕಿ. ಫೋಟೊ ಇಲ್ಲ, ಲೈವ್ ಇಲ್ಲ. ಇಲ್ಲಿ ಒಬ್ಬ ಹುಡುಗಿ ಆಡಿದ ಮಾತಿನ ತುಣುಕು ಅಲ್ಲಿ ಅವಳ ಮನೆಯವರಿಗೆ ಅಪಾಯ ತರಬಹುದು. ಮಧ್ಯಾಹ್ನವೇ ಇಟ್ಟುಕೊಂಡು ಕತ್ತಲಾಗುವ ಮೊದಲು ಮುಗಿಸಿ. ಮನೆಯವರನ್ನು ಕಳೆದುಕೊಂಡವರು ಬಂದಿರಬಹುದಾದ್ದರಿಂದ ಆಪ್ತಸಮಾಲೋಚಕರೊಬ್ಬರು ಹೊರಗಿನ ಕೋಣೆಯಲ್ಲಿರಲಿ, ಎದ್ದು ಹೋದವರ ಹಿಂದೆ ಒಬ್ಬರು ಸುಮ್ಮನೆ ಹೋಗಿ ನೀರು ಕೊಡಲಿ. ಅಂಥ ಚಿತ್ರದ ನಂತರ ಚರ್ಚೆ ಬೇಡ ಎಂದು ಎರಡೂ ಕಡೆಯವರು ಮೊದಲೇ ಹೇಳಿದರೆ, ಚೀಟಿ ಬರೆದು ಡಬ್ಬಿಗೆ ಹಾಕುವುದಷ್ಟೇ ಇರಲಿ. ಅವುಗಳನ್ನು ಒಂದು ತಿಂಗಳ ನಂತರ ಸಣ್ಣ ಗುಂಪಿನಲ್ಲಿ ಓದಬಹುದು.

ಖರ್ಚಿನ ಬಗ್ಗೆ ಒಂದು ಮಾತು. ಉತ್ಸವದ ಬಜೆಟ್ಟಿನಲ್ಲಿ ಅತಿಥಿಗಳ ವಿಮಾನ, ಹೋಟೆಲಿಗೆ ಸಾಲು ಇರುತ್ತದೆ, ತಿರುವಾರೂರಿನಿಂದಲೋ ಮದ್ದೂರಿನಿಂದಲೋ ಬರುವ ರೈತರ ಬಸ್ಸಿಗೆ ಇರುವುದಿಲ್ಲ. ರೈತರಿಗೆ ಬಸ್ ಟಿಕೆಟ್ ಮಾತ್ರವಲ್ಲ, ತಪ್ಪಿಹೋದ ದಿನದ ಕೂಲಿ, ರಾತ್ರಿ ತಂಗಲು ಕೋಣೆ, ಊಟ ಎಲ್ಲ ಸೇರಿಸಬೇಕು. ಎರಡೂ ಕಡೆಯವರಿಗೆ ಒಂದೇ ವಸತಿಗೃಹದಲ್ಲಿ ಕೋಣೆ ಮಾಡಿದರೆ ಬೆಳಗಿನ ತಿಂಡಿಯ ಮೇಜಿನಲ್ಲಿ ಹಾಲ್‌ಗಿಂತ ಒಳ್ಳೆಯ ಮಾತು ನಡೆಯುತ್ತದೆ. ಅನುವಾದಕರೊಬ್ಬರು ಆ ತಿಂಡಿಗೂ ಇರಲಿ, ಅವರ ಸಂಭಾವನೆಯಲ್ಲಿ ಆ ಬೆಳಿಗ್ಗೆಯನ್ನೂ ಲೆಕ್ಕ ಹಾಕಿ. ಚರ್ಚೆಯ ಧ್ವನಿಮುದ್ರಣ ಮಾಡಿದ್ದರೆ, ಮಾತಾಡಿದ ಪ್ರತಿಯೊಬ್ಬರಿಗೂ ಅವರ ಭಾಗವನ್ನು ಕೇಳಿಸಿ ಒಪ್ಪಿಗೆ ಪಡೆದ ಮೇಲೆಯೇ ಹೊರಗೆ ಕೊಡಬೇಕು. ಒಬ್ಬರು ಬೇಡವೆಂದರೆ ಅವರ ಮಾತನ್ನು ತೆಗೆದುಹಾಕಿ.